ಲೈಟ್‌ಸೇಬರ್ ಕೊಳ್ಳುವ ಮುನ್ನ: ಹಿಡಿಯ ಅಂದ ಆಮೇಲೆ, ಒಳಗಿನ ಸಾಮಾನು ಮೊದಲು

ಲೈಟ್‌ಸೇಬರ್ (ಸ್ಟಾರ್ ವಾರ್ಸ್ ಚಿತ್ರಗಳ ಬೆಳಕಿನ ಕತ್ತಿಯ ಆಟಿಕೆ ರೂಪ) ಮಾರುವ ತಾಣಗಳನ್ನು ಐದಾರು ಒಟ್ಟಿಗೆ ತೆರೆದು ನೋಡಿ. ಅದೇ ಹಿಡಿ, ಅದೇ ಫೋಟೊ, ಹೆಸರು ಮಾತ್ರ ಬೇರೆ ಬೇರೆ. ಒಂದು ಕಡೆ 90 ಡಾಲರ್, ಪಕ್ಕದಲ್ಲೇ 190. ಚೀನಾದ ಕೆಲವೇ ಕಾರ್ಖಾನೆಗಳಲ್ಲಿ ಕಡೆದ ಹಿಡಿಗಳು ಹತ್ತಾರು ಅಂಗಡಿಗಳ ಪೆಟ್ಟಿಗೆ ಸೇರುತ್ತವೆ. ಸ್ಟಾರ್ ವಾರ್ಸ್ ಪಾತ್ರಗಳ ಹೆಸರು ಹಾಕಿಕೊಳ್ಳಲು ಪರವಾನಗಿ ಇಲ್ಲದ್ದರಿಂದ ಅಂಗಡಿಗೊಂದು ಅಡ್ಡಹೆಸರು. ಹಾಗಾಗಿ ಇಲ್ಲಿ ಅಂಗಡಿಗಳಿಗೆ ಅಂಕ ಕೊಡುತ್ತಿಲ್ಲ. ಹಿಡಿಯೊಳಗೆ ಏನಿದೆ, ಕೆಟ್ಟರೆ ಬಿಚ್ಚಿ ಸರಿಮಾಡಲು ಬರುತ್ತದೆಯೇ ಎಂಬುದನ್ನು ನೋಡಿ ಮೂರು ದರ್ಜೆಗಳನ್ನು ತೂಗಿದ್ದೇವೆ. ಈ ಕತ್ತಿ ಕಾಲಕ್ರಮದಲ್ಲಿ ಸವೆಯುವ ಸಾಮಾನು. ಬ್ಲೇಡ್ ಮಂಕಾಗುತ್ತದೆ, ಸೆಲ್ ಸೋಲುತ್ತದೆ, ಮೆಮೊರಿ ಕಾರ್ಡ್ ಕೈಕೊಡುತ್ತದೆ. ಇವು ಮೂರನ್ನೂ ನೀವೇ ಬದಲಿಸಲು ಬರುವ ಕತ್ತಿಯೇ ಅಗ್ಗದ ಕತ್ತಿ, ಬೆಲೆಪಟ್ಟಿಯಲ್ಲಿ ಏನೇ ಬರೆದಿರಲಿ.

ಮೂರು ದರ್ಜೆ

ಮೊದಲನೆಯದು ಬೇಸ್‌ಲಿಟ್. ಹಿಡಿಯ ಬಾಯಲ್ಲಿ ಒಂದೇ ಒಂದು ಶಕ್ತಿಶಾಲಿ ಎಲ್‌ಇಡಿ ಇರುತ್ತದೆ, ಬ್ಲೇಡ್ ಬರೀ ಖಾಲಿ ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಕೊಳವೆ. ಬೆಲೆ ಸುಮಾರು 50ರಿಂದ 90 ಡಾಲರ್. ಎರಡನೆಯದು ಪಿಕ್ಸೆಲ್ ಬ್ಲೇಡ್: ಕೊಳವೆಯ ಉದ್ದಕ್ಕೂ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಎಲ್‌ಇಡಿ ಪಟ್ಟಿ, ಹಿಡಿಯಲ್ಲಿ ಕ್ಸೆನೊಪಿಕ್ಸೆಲ್ ಅಥವಾ ಎಸ್‌ಎನ್ ಪಿಕ್ಸೆಲ್ ಎಂಬ ಬೋರ್ಡ್ (ಸದ್ದು, ಬೆಳಕು ನಡೆಸುವ ಸರ್ಕಿಟ್). ಇದಕ್ಕೆ ಸುಮಾರು 110ರಿಂದ 180 ಡಾಲರ್. ಮೂರನೆಯದರಲ್ಲೂ ಬ್ಲೇಡ್ ಅದೇ, ಬೋರ್ಡ್ ಮಾತ್ರ ಪ್ರಾಫಿ. ಇದು 200 ದಾಟಿ 350ರವರೆಗೂ ಹೋಗುತ್ತದೆ.

ಹೋಲಿಸಲು ಒಂದು ಲೆಕ್ಕ: ಡಿಸ್ನಿಯ ಸ್ಟಾರ್ ವಾರ್ಸ್ ಉದ್ಯಾನ ಗ್ಯಾಲಕ್ಸೀಸ್ ಎಡ್ಜ್‌ನಲ್ಲಿ ನಿಮ್ಮ ಕೈಯಾರೆ ಜೋಡಿಸಿಕೊಳ್ಳುವ ಸೇಬರ್‌ಗೆ 2019ರಲ್ಲೇ 199.99 ಡಾಲರ್ ಇತ್ತು. ಅಲ್ಲಿ ಕೊಟ್ಟ ದುಡ್ಡಿನಲ್ಲಿ ಅನುಭವದ ಪಾಲೇ ದೊಡ್ಡದು. ಶಬ್ದ, ಬೆಳಕು, ರಿಪೇರಿ ಮೂರರಲ್ಲೂ ಎರಡನೇ ದರ್ಜೆಯ ಹೆಸರಿಲ್ಲದ ಕತ್ತಿ ಅದನ್ನು ಮೀರಿಸುತ್ತದೆ.

ಬೇಸ್‌ಲಿಟ್: ಹೊಡೆದಾಟಕ್ಕೆ ಇದೇ ಸರಿ

ಲೈಟ್‌ಸೇಬರ್ ಕಾಳಗ ಈಗ ಮಕ್ಕಳಾಟವಷ್ಟೇ ಅಲ್ಲ, 2019ರಲ್ಲಿ ಫ್ರಾನ್ಸ್‌ನ ಫೆನ್ಸಿಂಗ್ ಒಕ್ಕೂಟ ಅದನ್ನು ಸ್ಪರ್ಧಾ ಕ್ರೀಡೆಯಾಗಿ ಒಪ್ಪಿಕೊಂಡಿದೆ. ಬ್ಲೇಡಿಗೆ ಬ್ಲೇಡ್ ಬಡಿಯುವ ಉದ್ದೇಶ ನಿಮಗಿದ್ದರೆ ಹೆಚ್ಚು ಯೋಚನೆ ಬೇಡ, ಬೇಸ್‌ಲಿಟ್ ತೆಗೆದುಕೊಳ್ಳಿ. ಕೊಳವೆ ಒಡೆದರೂ ಒಳಗೆ ಹಾಳಾಗಲು ಏನೂ ಇಲ್ಲ, ಹೊಸ ಕೊಳವೆ ಸಿಕ್ಕಿಸಿದರೆ ಆಯಿತು. ಗೋಡೆ 3 ಮಿ.ಮೀ. ದಪ್ಪ ಇರಲಿ. 2 ಮಿ.ಮೀ. ಕೊಳವೆ ಹೆಚ್ಚು ಬೆಳಗುತ್ತದೆ, ಹಗುರ, ಆದರೆ ಅದು ತಿರುಗಿಸಿ ಕಸರತ್ತು ಮಾಡುವವರಿಗೆ.

ಜಾಹೀರಾತಿನಲ್ಲಿ '12 ವ್ಯಾಟ್ ಎಲ್‌ಇಡಿ' ಎಂದಿದ್ದರೆ ಮೂರರಿಂದ ಭಾಗಿಸಿ ಓದಿ. ಒಂದೇ ಚಿಪ್ಪಿನ ಮೇಲೆ ಕೆಂಪು, ಹಸಿರು, ನೀಲಿ ಮೂರು ದೀಪಗಳಿವೆ. ಒಂದೊಂದಕ್ಕೆ ಸುಮಾರು 4 ವ್ಯಾಟ್. ಮೂರೂ ಉರಿದು ಬಿಳಿ ಬಂದಾಗ ಮಾತ್ರ 12. ಬರೀ ನೀಲಿಯೋ ಕೆಂಪೋ ಹಾಕಿದರೆ ಮೂರನೇ ಒಂದು ಪಾಲು. ಬೆಳಕು ಬುಡದಿಂದ ಮಾತ್ರ ಹೊರಡುವುದರಿಂದ ತುದಿಯತ್ತ ಹೋದಂತೆ ಮಬ್ಬಾಗುತ್ತದೆ. 92 ಸೆಂ.ಮೀ. ಬ್ಲೇಡಿನಲ್ಲಿ ಇದು ಹಗಲು ಹೊತ್ತು ಎದ್ದು ಕಾಣುತ್ತದೆ, 82ರಲ್ಲಿ ಕಡಿಮೆ. ಬ್ಲೇಡ್ ಹಿಡಿಯಿಂದ ಮೇಲಕ್ಕೆ ಸರ್ರನೆ ಏರುವ ದೃಶ್ಯ ಇದರಲ್ಲಿ ಸಿಗದು, ಇಡೀ ಕೊಳವೆ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಕೆಲವರಿಗೆ ಇಷ್ಟಕ್ಕೇ ಮನಸ್ಸು ಮುರಿಯುತ್ತದೆ, ಅಂಥವರು ಮುಂದೆ ಓದಿ.

ಪಿಕ್ಸೆಲ್ ಬ್ಲೇಡಿನ ಗುಣ, ದೋಷ

ಈ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಬಳಸುವುದು ಡಬ್ಲ್ಯುಎಸ್2812ಬಿ ಜಾತಿಯ ದೀಪ, ಮೀಟರಿಗೆ 144. 92 ಸೆಂ.ಮೀ. ಬ್ಲೇಡಿನಲ್ಲಿ ಒಂದೊಂದು ಬದಿಗೆ ಸುಮಾರು 130, ಒಟ್ಟು 260ರ ಆಸುಪಾಸು. ಒಂದೊಂದು ದೀಪವೂ ಪೂರ್ತಿ ಬಿಳಿಯಲ್ಲಿ 60 ಮಿಲಿಆಂಪಿಯರ್ ಬೇಡುತ್ತದೆ. ಗುಣಿಸಿದರೆ 15 ಆಂಪಿಯರ್ ದಾಟುತ್ತದೆ. ಒಂದೇ ಒಂದು ಸಾಮಾನ್ಯ 18650 ಸೆಲ್ಲಿನಿಂದ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ ಸೆಲ್) ಅಷ್ಟು ಹೊರಡುವುದಿಲ್ಲ. ಬಿಳಿ, ಹಳದಿ, ಮಳೆಬಿಲ್ಲು ಬಣ್ಣಗಳಲ್ಲಿ ಕತ್ತಿ ತಟ್ಟನೆ ಆರಿ ಮತ್ತೆ ಶುರುವಾಗುವ 'ಬೂಟ್' ಸದ್ದು ಮಾಡುತ್ತಿದ್ದರೆ ಬೋರ್ಡ್ ಕೆಟ್ಟಿದೆ ಎಂದುಕೊಳ್ಳುವವರೇ ಹೆಚ್ಚು. ಕೆಟ್ಟಿರುವುದು ಬೋರ್ಡಲ್ಲ. ಸೆಲ್ಲಿನ ವೋಲ್ಟೇಜ್ ಒಮ್ಮೆಗೆ ಕುಸಿದಿದೆ, ಇಲ್ಲವೇ ಸೆಲ್ಲಿನ ರಕ್ಷಣಾ ಸರ್ಕಿಟ್ ಬಾಗಿಲು ಹಾಕಿದೆ. ಹೆಚ್ಚು ಆಂಪಿಯರ್ ಕೊಡುವ ಸೆಲ್ ಹಾಕಿ, ಹೊಳಪು 70-80 ಪ್ರತಿಶತಕ್ಕೆ ಇಳಿಸಿ. ಕಣ್ಣಿಗೆ ವ್ಯತ್ಯಾಸ ಅಷ್ಟೇನೂ ತಿಳಿಯದು.

ಬಿಳಿ ಹಾಕಿದಾಗ ತುದಿ ಮಾತ್ರ ಕೆಂಪಗೋ ಹಳದಿಯೋ ಕಂಡರೆ ಅದೂ ತಯಾರಿಕೆಯ ದೋಷವಲ್ಲ. ವಿದ್ಯುತ್ತು ಬುಡದಿಂದ ಹೋಗುತ್ತದೆ, ಪಟ್ಟಿಯ ತೆಳು ತಾಮ್ರದ ಉದ್ದಕ್ಕೂ ವೋಲ್ಟೇಜ್ ಇಳಿಯುತ್ತದೆ. ನೀಲಿ ಮತ್ತು ಹಸಿರು ದೀಪಕ್ಕೆ 3 ವೋಲ್ಟ್‌ಗಿಂತ ಹೆಚ್ಚೇ ಬೇಕು, ಕೆಂಪು 2 ವೋಲ್ಟಿಗೇ ಉರಿಯುತ್ತದೆ. ಹಾಗಾಗಿ ಸೆಲ್ ಇಳಿದಂತೆಲ್ಲ ತುದಿಯಲ್ಲಿ ಕೆಂಪೊಂದೇ ಉಳಿಯುತ್ತದೆ. ಚಾರ್ಜ್ ಮಾಡಿ ನೋಡಿ, ಆಮೇಲೆ ದೂರು ಬರೆಯಿರಿ.

ನಿಜವಾದ ದೋಷ ಯಾವುದು? ಬ್ಲೇಡ್ ನಡುವೆ ಒಂದು ಜಾಗದವರೆಗೆ ಉರಿದು, ಅಲ್ಲಿಂದ ಮೇಲೆ ಒಂದು ಬದಿ ಕತ್ತಲಾಗುವುದು. ಈ ದೀಪಗಳಿಗೆ ಆಜ್ಞೆ ಸರಪಳಿಯಂತೆ ಸಾಗುತ್ತದೆ, ಒಂದು ದೀಪ ತನ್ನ ಪಾಲು ತೆಗೆದುಕೊಂಡು ಉಳಿದದ್ದನ್ನು ಮುಂದಿನದಕ್ಕೆ ದಾಟಿಸುತ್ತದೆ. ನಡುವಿನ ಒಂದು ಸತ್ತರೆ ಅದರ ಮುಂದಿನವಕ್ಕೆಲ್ಲ ಸುದ್ದಿಯೇ ತಲಪುವುದಿಲ್ಲ. ಬಡಿದಾಡಿದ ಪಿಕ್ಸೆಲ್ ಬ್ಲೇಡುಗಳ ಅಂತ್ಯ ಬಹುಮಟ್ಟಿಗೆ ಹೀಗೇ. ಮನೆಯಲ್ಲಿ ಬೆಸುಗೆ ಹಾಕಲು ಕುಳಿತರೆ ಒಳಗಿನ ಫೋಮ್, ಹಾಳೆ ಎಲ್ಲ ಹೊರತೆಗೆಯಬೇಕು. ಬ್ಲೇಡ್ ಬದಲಿಸುವುದೇ ಲೇಸು.

ಇನ್ನು ಜೋಳದ ತೆನೆ. ಈ ಹವ್ಯಾಸದವರು ಜಗತ್ತಿನಾದ್ಯಂತ ಬಳಸುವ ಮಾತಿದು: ಕೊಳವೆಯ ಒಳಗೆ ದೀಪಗಳು ಸಾಲು ಕಾಳಿನಂತೆ ಬಿಡಿಬಿಡಿಯಾಗಿ ಕಂಡರೆ ಅದು ತೆನೆ. ಒಳ್ಳೆಯ ಬ್ಲೇಡಿನಲ್ಲಿ ಪಟ್ಟಿಯ ಸುತ್ತ ತೆಳು ಫೋಮ್ ಕೊಳವೆ, ಅದರ ಹೊರಗೆ ಬೆಳಕು ಹರಡುವ ಹಾಳೆ ಇರುತ್ತದೆ. ಮಾರುವವರ ಫೋಟೊ ನಂಬಬೇಡಿ. ಪೂರ್ತಿ ಹೊಳಪಿನಲ್ಲಿ ಕ್ಯಾಮೆರಾಗೆ ಎಲ್ಲ ಬ್ಲೇಡೂ ನುಣ್ಣಗೆ ಕಾಣುತ್ತದೆ. ಹೊಳಪು ತಗ್ಗಿಸಿ, ಕೆಂಪು ಬಣ್ಣದಲ್ಲಿ ತೆಗೆದ ವಿಡಿಯೊ ಕೇಳಿ. ತೆನೆ ಇದ್ದರೆ ಅಲ್ಲಿ ಕಾಣುತ್ತದೆ.

ಕೊಳ್ಳುವಾಗ ಬ್ಲೇಡಿನ ಬುಡದ ಕನೆಕ್ಟರ್ ಯಾವ ನಮೂನೆಯದು ಎಂದು ಕೇಳಿಕೊಳ್ಳಿ. ಹಿಡಿಯೊಳಗೆ ಸ್ಪ್ರಿಂಗ್ ಇರುವ ಪೋಗೊ ಪಿನ್ನುಗಳಿವೆ, ಬ್ಲೇಡಿನ ಬುಡದಲ್ಲಿ ವೃತ್ತಾಕಾರದ ತಾಮ್ರದ ಪಥಗಳಿವೆ. ಎರಡೂ ಒಂದೇ ಜಾತಿಯವಾದರೆ ಬೇರೆ ಅಂಗಡಿಯ ಬ್ಲೇಡೂ ಕೂರುತ್ತದೆ. ಅಳತೆಯ ಮೋಸವೂ ಒಂದಿದೆ: 'ಒಂದು ಇಂಚು' ಎಂದರೆ 25.4 ಮಿ.ಮೀ., ಆದರೆ ಎಷ್ಟೋ ಬ್ಲೇಡುಗಳು ಸರಿಯಾಗಿ 25. ಹಿಡಿಯ ಬಾಯಿ 25ಕ್ಕೆ ಕೊರೆದಿದ್ದರೆ 25.4 ಒಳಗೇ ಹೋಗದು. ವರ್ನಿಯರ್‌ನಿಂದ ಅಳೆದ ಲೆಕ್ಕ ಬರೆಸಿಕೊಳ್ಳಿ. ಸಪೂರ ಹಿಡಿಗಳಿಗೆ 22 ಮಿ.ಮೀ. ಬ್ಲೇಡ್ ಬೇಕಾಗುವುದೂ ಉಂಟು, ಅದು ಮುಂದೆ ಎಲ್ಲೆಂದರಲ್ಲಿ ಸಿಗುವುದಿಲ್ಲ.

ಕ್ಸೆನೊ ಸಾಕೇ, ಪ್ರಾಫಿ ಬೇಕೇ?

ಮೊದಲ ಕತ್ತಿಗೆ ಕ್ಸೆನೊ ಸಾಕು. ಇದರಲ್ಲಿ ಹಿಂಜರಿಕೆಯಿಲ್ಲ. ಬೀಸಿದಾಗ ಸದ್ದು ಕೈಯ ವೇಗಕ್ಕೆ ತಕ್ಕಂತೆ ಏರಿಳಿಯುವ ಸ್ಮೂತ್ ಸ್ವಿಂಗ್ ಇದೆ. ಬಡಿದರೆ ಮಿಂಚು, ಗುಂಡು ತಡೆದ ಕಿಡಿ, ತುದಿ ನೆಲಕ್ಕೆ ಉಜ್ಜಿದಂತೆ, ಬಾಗಿಲು ಕರಗಿಸಿದಂತೆ, ಎಲ್ಲವೂ ಗುಂಡಿ ಮತ್ತು ಕೈಚಳಕದಲ್ಲೇ ಬರುತ್ತವೆ. ಕಂಪ್ಯೂಟರ್ ಮುಟ್ಟದೆಯೇ ಬಣ್ಣ, ಧ್ವನಿ ಬದಲಿಸಬಹುದು. ಧ್ವನಿಗಳು ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿ 1, 2, 3 ಎಂಬ ಅಂಕಿಯ ಫೋಲ್ಡರುಗಳಲ್ಲಿವೆ. ಹೊಸದನ್ನು ಸೇರಿಸಬೇಕಾದರೆ ಫೈಲ್ 44.1 ಕಿಲೋಹರ್ಟ್ಸ್, 16 ಬಿಟ್, ಮೊನೊ ವೇವ್ ಆಗಿರಬೇಕು. ಎಂಪಿ3 ಹಾಕಿದರೆ ಕತ್ತಿ ಮೂಕವಾಗುತ್ತದೆ.

ಕಾರ್ಡ್ ಕೈಗೆ ಬಂದ ಮೊದಲ ದಿನವೇ ಅದರಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ನಕಲು ಮಾಡಿಡಿ. ಈ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಕತ್ತಿಯ ಜೊತೆ ಬರುವ ಕಾರ್ಡುಗಳು ಅಗ್ಗದವು, ಗುಂಯ್‌ಗುಡುವ ಸದ್ದು ತುಂಡುತುಂಡಾದರೆ ಹತ್ತಕ್ಕೆ ಎಂಟು ಸಲ ಕಾರ್ಡೇ ಕಾರಣ. ಒಳ್ಳೆಯ ಕಂಪನಿಯ ಕಾರ್ಡನ್ನು ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿ, ನಕಲನ್ನು ಹಾಗೇ ಸುರಿಯಿರಿ. ಮ್ಯಾಕ್ ಬಳಸುವವರಿಗೆ ಒಂದು ಎಚ್ಚರಿಕೆ: ಅದು ಪ್ರತಿ ಫೈಲಿನ ಜೊತೆ ಕಣ್ಣಿಗೆ ಕಾಣದ ಇನ್ನೊಂದನ್ನು ಬರೆಯುತ್ತದೆ, ಬೋರ್ಡ್ ಅದನ್ನೂ ಸದ್ದೆಂದು ನುಡಿಸಲು ಹೋಗಿ ತಬ್ಬಿಬ್ಬಾಗುತ್ತದೆ. ಆ ಗುಪ್ತ ಫೈಲುಗಳನ್ನು ಅಳಿಸಿ.

ಪ್ರಾಫಿ ಬೇರೆಯೇ ಜನರಿಗೆ. ಅದರ ತಂತ್ರಾಂಶ ಮುಕ್ತ ಆಕರದ್ದು, ಬ್ಲೇಡಿನ ಒಂದೊಂದು ದೀಪದ ನಡವಳಿಕೆಯನ್ನೂ ನೀವು ಬರೆಯಬಹುದು. ಆದರೆ ಹೊಸ ಧ್ವನಿಯೊಂದನ್ನು ಸೇರಿಸಲೂ ಆರ್ಡಿನೊ (ಬೋರ್ಡಿಗೆ ಕೋಡ್ ತುಂಬುವ ತಂತ್ರಾಂಶ) ತೆರೆದು, ಕಾನ್ಫಿಗ್ ಫೈಲ್ ತಿದ್ದಿ, ಕಂಪೈಲ್ ಮಾಡಿ, ಯುಎಸ್‌ಬಿಯಲ್ಲಿ ಇಳಿಸಬೇಕು. ವಿಂಡೋಸ್‌ನಲ್ಲಿ ಮೊದಲು ಡ್ರೈವರ್ ಹಾಕದಿದ್ದರೆ ಬೋರ್ಡ್ ಕಾಣಿಸಿಕೊಳ್ಳುವುದೇ ಇಲ್ಲ. ಕೇಬಲ್ ಬರೀ ಚಾರ್ಜಿಂಗಿನದ್ದಾಗಿದ್ದರೂ ಅದೇ ಗತಿ, ಡೇಟಾ ಸಾಗಿಸುವ ಕೇಬಲ್ ಬೇಕು. ಕೊಳ್ಳುವ ಮುನ್ನ ಆ ಕಾನ್ಫಿಗ್ ಫೈಲನ್ನು ಕಳಿಸಿಕೊಡುತ್ತೀರಾ ಎಂದು ಮಾರುವವರನ್ನು ಕೇಳಿ. ಕೊಡುವುದಿಲ್ಲ ಎಂದರೆ ಆ ಕತ್ತಿ ಬಿಡಿ. ಗುಂಡಿ ಎಲ್ಲಿದೆ, ದೀಪ ಎಷ್ಟು, ಯಾವ ಪಿನ್ನಿಗೆ ಯಾವ ತಂತಿ ಎಂಬುದೆಲ್ಲ ಆ ಫೈಲಿನಲ್ಲೇ ಇದೆ. ಅದಿಲ್ಲದ ಪ್ರಾಫಿ, ಬೀಗದ ಕೈ ಕಳೆದ ಪೆಟ್ಟಿಗೆ.

ಹಿಡಿ

1977ರ ಮೊದಲ ಸ್ಟಾರ್ ವಾರ್ಸ್ ಚಿತ್ರದ ಲೈಟ್‌ಸೇಬರಿಗೆ ಸೆಟ್ ಅಲಂಕಾರದ ರೋಜರ್ ಕ್ರಿಶ್ಚಿಯನ್ ಆಯ್ದದ್ದು ಲಂಡನ್ನಿನ ಕ್ಯಾಮೆರಾ ಅಂಗಡಿಯಲ್ಲಿ ಸಿಕ್ಕ ಗ್ರಾಫ್ಲೆಕ್ಸ್ ಫ್ಲ್ಯಾಶ್ ಹಿಡಿಯನ್ನು. ಹಳೆಯ ಗುಜರಿಯೇ ಮೂಲವಾದ ಈ ಆಕಾರಗಳು ಕಪಾಟಿನಲ್ಲಿ ಚೆಂದ, ಕೈಯಲ್ಲಿ ಒರಟು. ಚೂಪು ಕ್ಲ್ಯಾಂಪು, ರೆಕ್ಕೆ, ಎದ್ದುನಿಂತ ಪೆಟ್ಟಿಗೆ ಇರುವ ಹಿಡಿಯನ್ನು ತಿರುಗಿಸಿದರೆ ಅಂಗೈ ಸುಲಿಯುತ್ತದೆ. ಆಡಲು ಬೇಕಾದವರು ಸಾದಾ ಉರುಟು ಹಿಡಿ, ಅಡ್ಡಗೆರೆ ಕಡೆದದ್ದು, 25ರಿಂದ 28 ಸೆಂ.ಮೀ. ಉದ್ದದ್ದು ಆರಿಸಲಿ. 6061 ಅಲ್ಯುಮಿನಿಯಂ ಆದರೆ ಸಾಕು, 'ವಿಮಾನಕ್ಕೆ ಬಳಸುವ ಲೋಹ' ಎಂಬ ಹೊಗಳಿಕೆಗೆ ಹೆಚ್ಚುವರಿ ಕಾಸು ಬೇಡ, ಕಿಟಕಿ ಚೌಕಟ್ಟಿಗೂ ಅದೇ ಕುಲದ ಲೋಹವಿದೆ.

ನೋಡಬೇಕಾದ್ದು ಬೇರೆ: ಬ್ಲೇಡ್ ಹಿಡಿಯುವ ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ತಿರುಪು) ಎರಡಾದರೂ ಇರಬೇಕು. ಸಾಮಾನ್ಯವಾಗಿ ಎಂ4, ಅದಕ್ಕೆ 2 ಮಿ.ಮೀ. ಅಲೆನ್ ಕೀ. ಬಿಗಿ ತಾಗಿದ ಮೇಲೆ ಕಾಲು ಸುತ್ತು, ಅಷ್ಟೇ. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಕೊಳವೆಯಲ್ಲಿ ಗುಳಿ ಬೀಳುತ್ತದೆ, ಮುಂದಿನ ಸಲ ಬ್ಲೇಡ್ ಹೊರಬರಲು ಹಟ ಮಾಡುತ್ತದೆ. ಸಡಿಲ ಬಿಟ್ಟರೆ ಬೀಸಿದಾಗ ಬ್ಲೇಡ್ ಬಾಣದಂತೆ ಹಾರುತ್ತದೆ, ಎದುರಿಗಿದ್ದವರ ಮುಖ ನೆನಪಿರಲಿ. ಕಾಲು ಗಂಟೆ ಆಡಿದ ಮೇಲೆ ಒಮ್ಮೆ ಮತ್ತೆ ಬಿಗಿ ನೋಡಿ. ಹಿಂಬದಿಯ ಮುಚ್ಚಳದ ತಿರುಪಿನ ಮರೆಗೆ ಒಂದು ಹನಿ ಸಿಲಿಕೋನ್ ಗ್ರೀಸ್ ಹಚ್ಚಿ. ಅಲ್ಯುಮಿನಿಯಂಗೆ ಅಲ್ಯುಮಿನಿಯಂ ಉಜ್ಜಿ ಧೂಳು ಸೇರಿದರೆ ಮರೆ ಕಚ್ಚಿಕೊಂಡು ಪೈಪ್ ರೆಂಚಿಗೂ ಜಗ್ಗುವುದಿಲ್ಲ.

ಸುಮ್ಮನೆ ಬೀಸಿದರೂ ಬಡಿದ ಸದ್ದು ಬರುತ್ತಿದೆಯೇ? ಸಂವೇದನೆಯ ಸೆಟ್ಟಿಂಗ್ ಮುಟ್ಟುವ ಮೊದಲು ಹಿಡಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗಿನ ಪ್ಲಾಸ್ಟಿಕ್ ಚೌಕಟ್ಟು ಲೊಟಗುಡುತ್ತಿದ್ದರೆ ಅದರ ಪೆಟ್ಟನ್ನೇ ಬೋರ್ಡ್ ಕತ್ತಿಯ ಪೆಟ್ಟೆಂದು ತಿಳಿಯುತ್ತದೆ. ಚೌಕಟ್ಟಿನ ಸುತ್ತ ಎರಡು ಸುತ್ತು ಟೇಪ್ ಹಾಕಿದರೆ ರೋಗ ವಾಸಿ.

ಸೆಲ್ ಮತ್ತು ಚಾರ್ಜಿಂಗ್

ಬಿಚ್ಚಿ ತೆಗೆಯಲು ಬರುವ 18650 ಸೆಲ್ ಇರುವ ಕತ್ತಿಯನ್ನೇ ಕೊಳ್ಳಿ. ಬೆಸುಗೆ ಹಾಕಿದ ಸೆಲ್ ಇದ್ದರೆ 20 ಡಾಲರ್ ಕಡಿಮೆ ಎಂದರೂ ಬೇಡ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ 18650 ಧಾರಾಳ ಸಿಗುತ್ತದೆ, ನಕಲಿಯೂ ಅಷ್ಟೇ ಧಾರಾಳ. ಈ ಗಾತ್ರದಲ್ಲಿ ಸಾಚಾ ಸೆಲ್ ಸುಮಾರು 3500 ಮಿಲಿಆಂಪಿಯರ್-ಅವರ್ ಮಟ್ಟಕ್ಕೆ ನಿಲ್ಲುತ್ತದೆ. ಮೈಮೇಲೆ 5000, 9900 ಎಂದು ಬರೆದಿದ್ದರೆ ಅಂಗಡಿಯವರಿಗೆ ವಾಪಸ್ ಕೊಟ್ಟು ಬನ್ನಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯೂ ಸುಳ್ಳು ಹಿಡಿಯುತ್ತದೆ: ಅಸಲಿ 45 ಗ್ರಾಂ ಆಸುಪಾಸು, ಖೊಟ್ಟಿಯದ್ದು ಎಷ್ಟೋ ಸಲ 30ರ ಹತ್ತಿರ. ರಕ್ಷಣಾ ಸರ್ಕಿಟ್ ಇರುವ ಸೆಲ್ 65ರ ಬದಲು 69-70 ಮಿ.ಮೀ. ಉದ್ದ ಇರುತ್ತದೆ, ಕೆಲವು ಹಿಡಿಗಳಲ್ಲಿ ಮುಚ್ಚಳ ಕೂರುವುದಿಲ್ಲ. ಮೊದಲೇ ಅಳೆಯಿರಿ. 3000ದ ಸೆಲ್ಲಿಗೆ ಪಿಕ್ಸೆಲ್ ಬ್ಲೇಡ್ ಒಂದು ಗಂಟೆಯ ಸುಮಾರು ಉರಿಯುತ್ತದೆ, ಬೇಸ್‌ಲಿಟ್ ಅದಕ್ಕಿಂತ ಹೆಚ್ಚು.

ಚಾರ್ಜರ್ 5 ವೋಲ್ಟ್, 1 ಆಂಪಿಯರ್ ಸಾಕು, ಮೂರ್ನಾಲ್ಕು ಗಂಟೆಯ ಕೆಲಸ. ಹಿಡಿಯಲ್ಲಿ ಟೈಪ್ ಸಿ ರಂಧ್ರವಿದ್ದು, ಹೊಸ ಫೋನಿನ ಸಿ-ಸಿ ಕೇಬಲ್ ಹಾಕಿದರೆ ದೀಪವೇ ಬಾರದಿದ್ದರೆ ಗಾಬರಿ ಬೇಡ. ಅಗ್ಗದ ಹಿಡಿಗಳಲ್ಲಿ ಚಾರ್ಜರಿಗೆ 'ನಾನಿದ್ದೇನೆ' ಎಂದು ತಿಳಿಸುವ ಎರಡು ಪುಟ್ಟ ರೆಸಿಸ್ಟರ್ ಹಾಕದೆ ಕಾಸು ಉಳಿಸಿರುತ್ತಾರೆ. ಹಳೆಯ ಅಗಲ ಯುಎಸ್‌ಬಿಯಿಂದ ಸಿಗೆ ಹೋಗುವ ಕೇಬಲ್ ಹಾಕಿ, ಆಗುತ್ತದೆ. ತಿಂಗಳುಗಟ್ಟಲೆ ಕಪಾಟಿನಲ್ಲಿ ಇಡುವುದಾದರೆ ಸೆಲ್ ತೆಗೆದಿಡಿ. ಆರಿಸಿದ ಕತ್ತಿಯೂ ಒಳಗೊಳಗೇ ಹನಿಹನಿ ಹೀರುತ್ತಿರುತ್ತದೆ, 2.5 ವೋಲ್ಟಿಗಿಂತ ಕೆಳಗಿಳಿದ ಸೆಲ್ ಮತ್ತೆ ನಂಬಲು ತಕ್ಕದ್ದಲ್ಲ.

ಬ್ಲೇಡ್ ಒರೆಸಲು ಸೋಪು ನೀರಿನ ಬಟ್ಟೆ ಸಾಕು. ಥಿನ್ನರ್, ಅಸಿಟೋನ್ (ನೇಲ್ ಪಾಲಿಶ್ ತೆಗೆಯುವ ದ್ರವ), ಪೆಟ್ರೋಲ್ ಮುಟ್ಟಿಸಿದರೆ ಪಾಲಿಕಾರ್ಬೊನೇಟ್ ಜೇಡರ ಬಲೆಯಂತೆ ಬಿರಿಯುತ್ತದೆ. ಆಯುಧಪೂಜೆಗೆ ಇಡುವವರು ಕುಂಕುಮವನ್ನು ಹಿಡಿಗೆ ಇಡಲಿ, ಬ್ಲೇಡಿಗೆ ಹೂವು ಸಾಕು.

ತರಿಸಿಕೊಳ್ಳುವುದು

ಹೊರದೇಶದಿಂದ ನೇರ ತರಿಸಿದರೆ ಪಟ್ಟಿಯ ಬೆಲೆಯೇ ಕೊನೆಯ ಬೆಲೆಯಲ್ಲ. ಆಟಿಕೆಗಳ ಆಮದು ಸುಂಕ 2023ರ ಬಜೆಟ್ಟಿನಲ್ಲಿ ಶೇ. 60ರಿಂದ 70ಕ್ಕೆ ಏರಿತು, ಅದರ ಮೇಲೆ ಜಿಎಸ್‌ಟಿ, ಕೊರಿಯರಿನವರ ಶುಲ್ಕ. ಯಾವ ಶೀರ್ಷಿಕೆಯಡಿ ಪೊಟ್ಟಣ ತೆರಿಗೆಗೆ ಬೀಳುತ್ತದೆ ಎಂಬುದರ ಮೇಲೆ ಮೊತ್ತ ಬದಲಾಗುತ್ತದೆ. ಕತ್ತಿಯ ಬೆಲೆಯ ಎರಡು ಪಟ್ಟು ಕೈಯಲ್ಲಿಟ್ಟುಕೊಂಡರೆ ತೊಂದರೆಯಿಲ್ಲ. 'ಗಿಫ್ಟ್' ಎಂದು ಬರೆಸುವ ಹಳೆಯ ಉಪಾಯ 2019ರ ಡಿಸೆಂಬರಿನಿಂದ ನಡೆಯುವುದಿಲ್ಲ. ಅಂಚೆಯಲ್ಲಿ ಬರುವ ಗಿಫ್ಟಿಗೆ ಇದ್ದ ವಿನಾಯಿತಿ ಆಗಲೇ ಹೋಯಿತು, ರಾಖಿ ಮತ್ತು ಜೀವರಕ್ಷಕ ಔಷಧಿ ಬಿಟ್ಟು. ಎರಡು ಕೋರಿಕೆ ಮೊದಲೇ ಬರೆದು ಕಳಿಸಿ: ಪೊಟ್ಟಣದ ಮೇಲೆ 'ಸ್ವೋರ್ಡ್' ಎಂದಷ್ಟೇ ಬರೆಯದೆ ಒಳಗಿರುವುದು ಪ್ಲಾಸ್ಟಿಕ್ ಕೊಳವೆಯ ಎಲ್‌ಇಡಿ ದೀಪದ ಸಾಮಾನು ಎಂದು ಬಿಡಿಸಿ ಬರೆಯಲಿ, ಮತ್ತು ಸೆಲ್ ಇಲ್ಲದೆ ಕಳಿಸಲಿ. ಲಿಥಿಯಂ ಸೆಲ್ ಇದ್ದರೆ ವಿಮಾನ ಸಾಗಣೆಯಲ್ಲಿ ನಿಲ್ಲುವ ಸಂಭವ ಜಾಸ್ತಿ, ಸೆಲ್ ಹೇಗೂ ಇಲ್ಲೇ ಸಿಗುತ್ತದೆ.

ಅಮೆರಿಕದಿಂದಲೋ ದುಬೈನಿಂದಲೋ ಬರುವ ನೆಂಟರ ಕೈಲಿ ತರಿಸುವುದಾದರೆ ಬ್ಲೇಡಿನ ಉದ್ದವನ್ನು ಸೂಟ್‌ಕೇಸೇ ತೀರ್ಮಾನಿಸುತ್ತದೆ. ದೊಡ್ಡ ಪೆಟ್ಟಿಗೆಯಲ್ಲಿ ಮೂಲೆಯಿಂದ ಮೂಲೆಗೆ 72 ಸೆಂ.ಮೀ. ಸಲೀಸು, 82 ತಿಣುಕಿ, 92 ಹೋಗದು. ಹಿಡಿ ಮತ್ತು ಬ್ಲೇಡ್ ಬಿಡಿಸಿ ಚೆಕ್-ಇನ್ ಪೆಟ್ಟಿಗೆಯಲ್ಲಿ, ಹೊರತೆಗೆದ ಸೆಲ್ ಮಾತ್ರ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೈಚೀಲದಲ್ಲಿ. ಬಿಡಿ ಲಿಥಿಯಂ ಸೆಲ್ ಚೆಕ್-ಇನ್‌ನಲ್ಲಿ ಇಡುವಂತಿಲ್ಲ.

ಬಂದ ಪೊಟ್ಟಣವನ್ನು ವಿಡಿಯೊ ತೆಗೆಯುತ್ತಲೇ ಬಿಚ್ಚಿ. ಸೆಲ್ ತುಂಬ ಚಾರ್ಜ್ ಮಾಡಿ, ಕೋಣೆ ಕತ್ತಲು ಮಾಡಿ, ಕೆಂಪು, ಹಸಿರು, ನೀಲಿ ಒಂದೊಂದಾಗಿ ಹಾಕಿ ಬ್ಲೇಡನ್ನು ನಿಧಾನವಾಗಿ ಪೂರ್ತಿ ಸುತ್ತು ತಿರುಗಿಸಿ ನೋಡಿ. ಕೆಂಪು ಕೇಳಿದರೆ ಹಸಿರು ಬಂದರೆ ಬಣ್ಣದ ಕ್ರಮದ ಸೆಟ್ಟಿಂಗ್ ತಪ್ಪಿದೆ, ದೀಪ ಕೆಟ್ಟಿಲ್ಲ. ಬುಡದ ದೀಪಗಳು ಹುಚ್ಚಾಪಟ್ಟೆ ಮಿನುಗಿದರೆ ಬ್ಲೇಡ್ ತೆಗೆದು ಪೋಗೊ ಪಿನ್ನುಗಳನ್ನು ಒಣ ಬಟ್ಟೆಯಿಂದ ಒರೆಸಿ, ಮತ್ತೆ ತಳ ತಾಗುವಂತೆ ಒತ್ತಿ ಕೂರಿಸಿ. ಸದ್ದನ್ನು ಪೂರ್ತಿ ಏರಿಸಿದಾಗ ಕರಕರ ಅಂದರೆ ಮುಕ್ಕಾಲಿಗೆ ಇಳಿಸಿ, ಅಷ್ಟು ಪುಟ್ಟ ಸ್ಪೀಕರಿನ ತಾಕತ್ತು ಅಷ್ಟೇ. ಮುಕ್ಕಾಲಿನಲ್ಲೂ ಕರಕರ ನಿಲ್ಲದಿದ್ದರೆ, ಅಥವಾ ಬ್ಲೇಡಿನ ಒಂದು ಬದಿ ಕತ್ತಲಿದ್ದರೆ, ಅದೇ ವಿಡಿಯೊ ಜೊತೆಗಿಟ್ಟು ಆ ದಿನವೇ ಅಂಗಡಿಗೆ ಬರೆಯಿರಿ.